ಗಂಡ ತೀರಿ ಒಂಬತ್ತು ವರ್ಷ ಆಯ್ತು, ನಂಗ್ಯಾಕೆ ಈ ಟೆಸ್ಟು?

ನಾನು ಒಂದು ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ ಕ್ಲಿನಿಕ್‌ನಲ್ಲಿ (ಬಿಪಿ, ಶುಗರ್, ಕ್ಯಾನ್ಸರ್ ಥರದ ಅಂಟದ ಕಾಯಿಲೆ ನೋಡೋ ವಿಭಾಗ) ಆಪ್ತಸಮಾಲೋಚಕಿ. ಬಿಪಿ, ಶುಗರ್ ಜೊತೆಗೆ 30 ದಾಟಿದ ಹೆಣ್ಮಕ್ಕಳಿಗೆ ಗರ್ಭಕೋಶದ ಬಾಯಿ ಕ್ಯಾನ್ಸರ್ ತಪಾಸಣೆ ಬಗ್ಗೆ ಹೇಳೋದೂ ನನ್ನ ಕೆಲಸಾನೇ. ಕೆಳಗಿರೋದನ್ನ ಅವರ ಒಪ್ಪಿಗೆ ಕೇಳಿಯೇ ಬರೀತಿದೀನಿ, ಹೆಸರು, ವಯಸ್ಸು, ಗುರುತು ಸಿಗೋ ವಿವರ ಎಲ್ಲ ಬದಲಾಯಿಸಿದೀನಿ. ಶಾರದಕ್ಕ ಅಂತ ಕರೆಯೋಣ.

ಶಾರದಕ್ಕಂಗೆ 43. ರೇಷ್ಮೆ ಫಿಲೇಚರ್‌ನಲ್ಲಿ ನೂಲು ತೆಗೆಯೋ ಕೆಲಸ, ದಿನವಿಡೀ ಗೂಡಿನ ಬಿಸಿನೀರಲ್ಲಿ ಕೈ ಇಟ್ಟು ಇಟ್ಟು ಬೆರಳ ತುದಿ ಬೆಳ್ಳಗೆ ಸುಕ್ಕುಗಟ್ಟಿರತ್ತೆ. ಮಗಳಿಗೆ 17, ಮಗನಿಗೆ 20. ಗಂಡ ತೀರಿ ಒಂಬತ್ತು ವರ್ಷ. ಬಿಪಿ ಮಾತ್ರೆಗೆ ಅಂತ ತಿಂಗಳಿಗೊಂದ್ಸಲ ಬರ್ತಾರೆ, ಅವತ್ತೂ ಅದಕ್ಕೇ ಬಂದಿದ್ರು.

ಮೊದಲನೇ ಸಲ ನಾನು ಎಡವಿದೆ, ಅದನ್ನ ಹೇಳಲೇಬೇಕು. ಈ ಕ್ಯಾನ್ಸರ್ ಎಚ್‌ಪಿವಿ ಅನ್ನೋ ವೈರಸ್‌ನಿಂದ ಬರತ್ತೆ, ಅದು ಲೈಂಗಿಕ ಸಂಪರ್ಕದಿಂದ ಹರಡತ್ತೆ ಅಂತ ಟ್ರೈನಿಂಗ್‌ನಲ್ಲಿ ಕಲಿಸಿದ ಹಾಗೇ ಶುರು ಮಾಡಿದೆ. ಅಷ್ಟು ಕೇಳಿದ್ದೇ ತಡ ಶಾರದಕ್ಕ ಎದ್ದು ನಿಂತ್ರು. "ನಾನು ಅಂಥೋಳಲ್ಲ ಮೇಡಂ, ನನ್ನೆಜಮಾನ್ರು ಹೋಗಿ ಒಂಬತ್ತು ವರ್ಷ ಆಯ್ತು, ನಂಗ್ಯಾಕೆ ಆ ಟೆಸ್ಟು" ಅಂದು ಹೊರಟೇಬಿಟ್ರು. ಮುಂದಿನ ತಿಂಗಳು ಮಾತ್ರೆಗೆ ಮಗನ್ನ ಕಳಿಸಿದ್ರು. ಆ ಹುಡುಗನ ಕೈಯಲ್ಲಿ ಬಿಪಿ ಪುಸ್ತಕ ನೋಡಿದಾಗ ನಂಗೆ ಹೊಟ್ಟೇಲಿ ಸಂಕಟ ಆಯ್ತು.

ಎರಡು ತಿಂಗಳಾದ್ಮೇಲೆ ಅವರೇ ಬಂದ್ರು. ಈ ಸಲ ಟೆಸ್ಟಿನ ಮಾತೇ ಎತ್ತಲಿಲ್ಲ, ಬಾಗಿಲು ಹಾಕಿ ಪಕ್ಕದಲ್ಲಿ ಕೂತು "ಅವತ್ತು ನಿಮ್ಮ ಮನಸ್ಸಿಗೆ ನೋವಾಗೋ ಹಾಗೆ ಮಾತಾಡಿದೆ ಅಕ್ಕ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಹೇಳಿದ್ರು, ಅವರ ಊರಿನ ಆಶಾ ಕಾರ್ಯಕರ್ತೆ ಬೇರೆ ಯಾರೂ ಅಲ್ಲ, ಸ್ವಂತ ಓರಗಿತ್ತಿ. ಸಿಬ್ಯಾಕ್ ಫಾರಂ (ಮನೆಮನೆಗೆ ಹೋಗಿ ಕಾಯಿಲೆ ಲಕ್ಷಣ ಕೇಳಿ ತುಂಬೋ ಪಟ್ಟಿ) ತುಂಬಿಸುವಾಗ ಬಿಳಿ ಹೋಗತ್ತಾ, ಸಂಪರ್ಕ ಆದ್ಮೇಲೆ ರಕ್ತ ಕಾಣತ್ತಾ ಅಂತ ಜಗಲಿ ಮೇಲೆ ಅತ್ತೆ ಮುಂದೇನೇ ಕೇಳಿದ್ರಂತೆ, ಇವರು ಎಲ್ಲದಕ್ಕೂ ಇಲ್ಲ ಇಲ್ಲ ಅಂದು ಮುಗಿಸಿದ್ರಂತೆ. ಗಂಡ ಇಲ್ಲದೋಳು ಊರಿನ ಆರೋಗ್ಯ ಕೇಂದ್ರಕ್ಕೆ ಹೋಗಿ ಒಳಗಿನ ಪರೀಕ್ಷೆ ಮಾಡಿಸ್ಕೊಂಡ್ಲು ಅಂದ್ರೆ ಊರಲ್ಲಿ ಏನಂತಾರೆ ಅನ್ನೋದೇ ಅವರ ಭಯ. ಆಶಾನ ನಾನು ದೂರಲ್ಲ, ಈ ಇಡೀ ಕೆಲಸ ನಿಂತಿರೋದೇ ಅವರ ಕಾಲಿನ ಮೇಲೆ. ಆದ್ರೆ ಇಂಥ ಪ್ರಶ್ನೆಗೆ ಜಗಲಿ ಜಾಗ ಅಲ್ಲ.

ನಾನು ಹೇಳಿದ್ದು ಇಷ್ಟು. ಈ ವೈರಸ್ ಎಷ್ಟು ಸಾಮಾನ್ಯ ಅಂದ್ರೆ ಮದುವೆಯಾಗಿ ಒಬ್ಬನೇ ಗಂಡನ ಜೊತೆ ಬಾಳಿದವರಿಗೂ ಬರತ್ತೆ, ಬಂದಿದ್ದು ಗೊತ್ತೂ ಆಗಲ್ಲ, ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ತಾನಾಗೇ ಹೋಗತ್ತೆ. ಕೆಲವರಲ್ಲಿ ಮಾತ್ರ ಉಳ್ಕೊಂಡು ಗರ್ಭಕೋಶದ ಬಾಯಿ ಚರ್ಮವನ್ನ ನಿಧಾನವಾಗಿ ಕೆಡಿಸತ್ತೆ, ಅದು ಕ್ಯಾನ್ಸರ್ ಆಗೋಕೆ ಸಾಮಾನ್ಯವಾಗಿ 15-20 ವರ್ಷ ಹಿಡಿಯತ್ತೆ. ಹಂಗಾಗಿ ಗಂಡ ಹೋಗಿ ಒಂಬತ್ತು ವರ್ಷ ಆಗಿದ್ರೂ ಟೆಸ್ಟ್ ಬೇಕು. ಯಾವಾಗ ಬಂತು, ಯಾರಿಂದ ಬಂತು ಅಂತ ಯಾವ ಡಾಕ್ಟ್ರೂ ಹೇಳಕ್ಕಾಗಲ್ಲ, ಟೆಸ್ಟಿಂದ ನಿಮ್ಮ ನಡತೆ ಗೊತ್ತಾಗಲ್ಲ, ತೀರಿಹೋದವರ ನಡತೇನೂ ಗೊತ್ತಾಗಲ್ಲ. ಈ ಕೊನೇ ಮಾತು ಹೇಳ್ದಾಗ ಅವರ ಮುಖ ಸಡಿಲ ಆಯ್ತು. ಗಂಡನ ಮೇಲೆ ಅನುಮಾನ ಬರತ್ತಲ್ಲ ಅನ್ನೋ ಸಂಕಟವೂ ಒಳಗಿತ್ತು ಅಂತ ನಂಗೆ ಆಗ ಅರ್ಥ ಆಯ್ತು.

ಆಮೇಲೆ ಟೆಸ್ಟ್ ಹೇಗೆ ಅಂತ ವಿವರಿಸಿದೆ. ಮೂಗಿನ ತುದಿ ಮುಟ್ಟಿ ನೋಡಿ ಅಂದೆ, ಗರ್ಭಕೋಶದ ಬಾಯಿ ಹೆಚ್ಚುಕಮ್ಮಿ ಅಷ್ಟೇ ಗಟ್ಟಿ ಇರತ್ತೆ. ಒಳಗೆ ಕಾಣೋ ಹಾಗೆ ಯೋನಿ ಅಗಲಿಸೋ ಸಾಧನ ಸ್ಪೆಕ್ಯುಲಮ್‌ನ ಅವರ ಕೈಗೇ ಕೊಟ್ಟೆ, ತೆಗೆದು ಮುಚ್ಚಿ ನೋಡಿದ್ರು. ನರ್ಸ್ ಇದನ್ನ ಇಟ್ಟು ಹತ್ತಿಯಲ್ಲಿ ಅಸಿಟಿಕ್ ಆಸಿಡ್ ಹಚ್ತಾರೆ, ಹೆಸರು ಕೇಳಿ ಹೆದರಬೇಡಿ, ಗೋಬಿ ಅಂಗಡೀಲಿ ಹಾಕೋ ವಿನೆಗರ್‌ನಲ್ಲಿರೋದೂ ಇದೇ, ನೀರು ಬೆರೆಸಿ ತೆಳುವಾಗಿರತ್ತೆ, ಸ್ವಲ್ಪ ಚುರುಕ್ ಅನ್ನಬಹುದು, ಒಂದು ನಿಮಿಷ ಕಾಯ್ತಾರೆ, ಕೆಟ್ಟಿರೋ ಜಾಗ ಬೆಳ್ಳಗಾಗತ್ತೆ. ಇದೇ ವಿಐಎ. ಶಾರದಕ್ಕ ತಮ್ಮ ಬೆರಳು ತೋರಿಸಿ "ಹಿಂಗಾ?" ಅಂದ್ರು. ಬಿಸಿನೀರಿಗೆ ಬೆರಳೆಲ್ಲ ಒಂದೇ ಸಮ ಬೆಳ್ಳಗಾಗತ್ತೆ ಅಕ್ಕ, ಅಲ್ಲಿ ಹಾಗಲ್ಲ, ಚೆನ್ನಾಗಿರೋ ಜಾಗ ಗುಲಾಬಿ ಬಣ್ಣದಲ್ಲೇ ಇದ್ದು ಕೆಟ್ಟಿದ್ದಷ್ಟೇ ಬಿಳಿ ತೋರತ್ತೆ ಅಂದೆ.

ಊರಿನ ಕೇಂದ್ರಕ್ಕೆ ಹೋಗಬೇಕಿಲ್ಲ, ನಮ್ಮ ಆಸ್ಪತ್ರೇಲೇ ಮುಟ್ಟು ಮುಗಿದ್ಮೇಲೆ ಬನ್ನಿ, ಬಿಪಿಗೆ ಬರೋ ದಿನಾನೇ ಮಾಡೋಣ, ಕೂಲಿನೂ ಇನ್ನೊಂದು ದಿನ ಹೋಗಲ್ಲ ಅಂದೆ. ಬಂದ್ರು. ಐದು ನಿಮಿಷದಲ್ಲಿ ಮುಗೀತು. ಪಾಸಿಟಿವ್ ಬಂತು.

ಎರಡನೇ ಸಮಾಲೋಚನೆ ಮೊದಲನೇದಕ್ಕಿಂತ ಕಷ್ಟ ಇತ್ತು. ಪಾಸಿಟಿವ್ ಅಂದ ತಕ್ಷಣ ಮಗಳ ಮದುವೆ ಯಾರು ಮಾಡ್ತಾರೆ ಅಂತ ಅಳೋಕೆ ಶುರು ಮಾಡಿದ್ರು. ಅಳು ನಿಲ್ಲೋವರೆಗೂ ನಾನು ಏನೂ ಹೇಳಲಿಲ್ಲ. ಆಮೇಲೆ ಹೇಳ್ದೆ, ವಿಐಎ ಪಾಸಿಟಿವ್ ಅಂದ್ರೆ ಕ್ಯಾನ್ಸರ್ ಅಲ್ಲ, ಇನ್ನೊಂದು ಸಲ ಸರಿಯಾಗಿ ನೋಡಬೇಕು ಅಂತ ಅಷ್ಟೇ, ಬರೀ ಸೋಂಕು, ಊತ ಇದ್ರೂ ಬೆಳ್ಳಗಾಗಬಹುದು. ಜಿಲ್ಲಾಸ್ಪತ್ರೆಗೆ ಬರೆದುಕೊಟ್ವಿ, ಅಲ್ಲಿ ಕಾಲ್ಪೊಸ್ಕೋಪಿ, ಅಂದ್ರೆ ಆ ಜಾಗವನ್ನ ದೊಡ್ಡದಾಗಿ ತೋರಿಸೋ ಉಪಕರಣದಲ್ಲಿ ನೋಡೋ ಪರೀಕ್ಷೆ ಮಾಡಿ, ಚೂರು ತೆಗೆದು ಬಯಾಪ್ಸಿಗೆ ಕಳಿಸಿದ್ರು. ರಿಪೋರ್ಟ್ ಸಿಐಎನ್ 2, ಅಂದ್ರೆ ಕ್ಯಾನ್ಸರ್‌ಗೆ ಮುಂಚಿನ ಹಂತ.

ಈ ನಡುವೆ ಯಾರೋ ಹೇಳಿದ್ರು ಅಂತ ಒಂದು ನರ್ಸಿಂಗ್ ಹೋಮ್‌ಗೆ ಹೋಗಿದಾರೆ, ಅಲ್ಲಿ ಗರ್ಭಕೋಶ ತೆಗೆಸಿಬಿಡಿ, ಮಕ್ಕಳಾಗಿದೆ ಇನ್ಯಾಕೆ ಅದು ಅಂದಿದಾರೆ. ಚಿನ್ನ ಅಡ ಇಡೋಕೆ ರೆಡಿಯಾಗಿದ್ರು. ನಂಗೆ ಇದನ್ನ ಕೇಳಿದ್ರೆ ಸಿಟ್ಟು ಬರತ್ತೆ, ನಮ್ಮ ಹಳ್ಳಿಗಳಲ್ಲಿ ಎಷ್ಟು ಹೆಣ್ಮಕ್ಕಳ ಗರ್ಭಕೋಶ ಹೀಗೇ ಹೋಗಿದೆ. ಈ ಹಂತಕ್ಕೆ ಸಾಮಾನ್ಯವಾಗಿ ಗರ್ಭಕೋಶ ತೆಗೆಯೋದು ಬೇಕಿಲ್ಲ, ಲೀಪ್ ಅಂತ ಇದೆ, ಮರಗಟ್ಟೋ ಇಂಜೆಕ್ಷನ್ ಕೊಟ್ಟು ಕರೆಂಟ್ ಹರಿಯೋ ತೆಳು ತಂತಿಯಿಂದ ಕೆಟ್ಟ ಭಾಗ ಮಾತ್ರ ತೆಗೀತಾರೆ, ಕೆಲವರಿಗೆ ಬಿಸಿ ತಾಗಿಸೋ ಥರ್ಮಲ್ ಅಬ್ಲೇಶನ್ ಸಾಕಾಗತ್ತೆ. ಜಿಲ್ಲಾಸ್ಪತ್ರೆ ಡಾಕ್ಟ್ರ ಹತ್ರ ಇನ್ನೊಂದ್ಸಲ ಮಾತಾಡಿಸಿದೆ, ಲೀಪ್ ಆಯ್ತು, ಅವತ್ತೇ ಸಂಜೆ ಬಸ್ಸಲ್ಲಿ ಮನೆಗೆ ಬಂದ್ರು. ಕೆಲವು ವಾರ ನೀರು ನೀರಾಗಿ ಹೋಗತ್ತೆ, ಭಯ ಬೇಡ, ಜಾಸ್ತಿ ರಕ್ತ, ಜ್ವರ, ಕೆಟ್ಟ ವಾಸನೆ ಇದ್ರೆ ಮಾತ್ರ ಆಸ್ಪತ್ರೆಗೆ ಬಂದುಬಿಡಿ ಅಂತ ಹೇಳಿ ಕಳಿಸಿದ್ವಿ.

ಶಾರದಕ್ಕನ ಥರ ಇರೋರು ಇದನ್ನ ಓದ್ತಿದ್ರೆ: ಗಂಡ ಇಲ್ಲ, ಬಿಟ್ಟೋಗಿದಾನೆ, ಮಕ್ಕಳಾಗದ ಆಪರೇಷನ್ ಆಗಿದೆ, ಯಾವುದೂ ಈ ಟೆಸ್ಟಿಂದ ರಿಯಾಯಿತಿ ಕೊಡಲ್ಲ. ಸರ್ಕಾರದ ಕಾರ್ಯಕ್ರಮದಲ್ಲಿ 30ರಿಂದ 65 ವರ್ಷದವರಿಗೆ 5 ವರ್ಷಕ್ಕೊಮ್ಮೆ ತಪಾಸಣೆ ಇದೆ, ಏನೂ ತೊಂದರೆ ಇಲ್ಲದಿದ್ದಾಗಲೇ ಮಾಡಿಸಬೇಕು. ಮುಟ್ಟು ನಿಂತವರಿಗೆ ವಿಐಎನಲ್ಲಿ ಸರಿಯಾಗಿ ಕಾಣಿಸದೇ ಇರಬಹುದು, ಅವರು ಪ್ಯಾಪ್ (ಗರ್ಭಕೋಶದ ಬಾಯಿಂದ ಜೀವಕೋಶ ತೆಗೆದು ನೋಡೋದು) ಅಥವಾ ಎಚ್‌ಪಿವಿ ಟೆಸ್ಟ್ ಬಗ್ಗೆ ಕೇಳಿ. ಎಚ್‌ಐವಿ ಇರೋರಿಗೆ ಇನ್ನೂ ಬೇಗ, 25ರಿಂದಲೇ ಬೇಕು, ಎಚ್‌ಐವಿ ಚಿಕಿತ್ಸೆ ಕೊಡೋ ಎಆರ್‌ಟಿ ಸೆಂಟರ್‌ನಲ್ಲಿ ವಿಚಾರಿಸಿ. ಮುಟ್ಟು ನಿಂತ್ಮೇಲೆ ಕಲೆ ಕಂಡ್ರೆ, ಸಂಪರ್ಕದ ನಂತರ ರಕ್ತ ಹೋದ್ರೆ, ವಾಸನೆಯ ಬಿಳಿ ಹೋಗ್ತಾ ಇದ್ರೆ ತಪಾಸಣೆ ಕ್ಯಾಂಪ್ ಬರ್ಲಿ ಅಂತ ಕಾಯಬೇಡಿ, ನೇರ ಡಾಕ್ಟ್ರ ಹತ್ರ ಹೋಗಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 30ರಿಂದ 49ರ ಹೆಂಗಸರಲ್ಲಿ ಒಮ್ಮೆಯಾದ್ರೂ ಇದನ್ನ ಮಾಡಿಸಿಕೊಂಡೋರು ನೂರಕ್ಕೆ 1.9, ಇಬ್ಬರೂ ಇಲ್ಲ, ಅದನ್ನ ನೆನೆದ್ರೆ ನಂಗೆ ರಾತ್ರಿ ನಿದ್ದೆ ಬರಲ್ಲ.

ಮಗಳ ಬಗ್ಗೆ ಶಾರದಕ್ಕಾನೇ ಕೇಳಿದ್ರು. ಎಚ್‌ಪಿವಿ ತಡೆಯೋ ನಮ್ಮ ದೇಶದ್ದೇ ಲಸಿಕೆ ಸರ್ವಾವ್ಯಾಕ್ 2023ರಲ್ಲಿ ಬಂತು, 9ರಿಂದ 14 ವರ್ಷಕ್ಕೆ ಎರಡು ಡೋಸ್, 15ರಿಂದ 26ಕ್ಕೆ ಮೂರು ಡೋಸ್ ಅಂತ ಅದರ ಲೆಕ್ಕ, ಮದುವೆಗೆ ಮುಂಚೆ ಹಾಕಿಸಿದ್ರೆ ಒಳ್ಳೇದು, ಆದ್ರೆ ಲಸಿಕೆ ಆಗಿದೆ ಅಂತ 30 ಆದ್ಮೇಲೆ ತಪಾಸಣೆ ಬಿಡೋ ಹಾಗಿಲ್ಲ ಅಂತ ಹೇಳಿದೀನಿ.

ಒಂದು ವರ್ಷಕ್ಕೆ ಫಾಲೋಅಪ್ ಇದೆ. ತಾರೀಖನ್ನ ಓರಗಿತ್ತಿ ಕೈಗೆ ಸಿಗೋ ಕಾರ್ಡಲ್ಲಿ ಬರೀಬೇಡಿ ಮೇಡಂ ಅಂದ್ರು, ಬಿಪಿ ಪುಸ್ತಕದ ಕೊನೇ ಪುಟದಲ್ಲಿ ಬರೀ ತಾರೀಖು ಮಾತ್ರ ಬರೆದುಕೊಟ್ಟೆ, ಆ ತಾರೀಖಿನ ಹಿಂದಿನ ವಾರ ಅವರ ಸ್ವಂತ ಫೋನಿಗೆ ನಾನೇ ಕಾಲ್ ಮಾಡ್ತೀನಿ, ಮಧ್ಯಾಹ್ನ ಊಟದ ಹೊತ್ತಲ್ಲಿ, ಫಿಲೇಚರ್‌ನಿಂದ ಹೊರಗೆ ಬಂದಿರ್ತಾರಲ್ಲ ಆಗ.