ಕೀಲಿನಲ್ಲೇ ಕಿತ್ತು ಬರುವ ಬಣ್ಣ, ರೋಬೊ ಕೈಗೊಂದು ಒನಕೆ

ಪ್ರಶ್ನೆ: ಸರ್, ಚಿತ್ರದುರ್ಗದಲ್ಲಿ ದ್ವಿತೀಯ ಪಿಯುಸಿ ಮುಗಿಸಿ ರಜೆಯಲ್ಲಿದ್ದೇನೆ. ಆನ್‌ಲೈನ್‌ನಲ್ಲಿ ತರಿಸಿದ 1/144 ಅಳತೆಯ ಗುಂಡಮ್ (ಜಪಾನಿ ಕಾರ್ಟೂನಿನ ರೋಬೊ) ಕಿಟ್ ಜೋಡಿಸಿದೆ. ಬಿಳಿ-ನೀಲಿ ಬೇಡ, ನಮ್ಮ ಕೋಟೆ ಬಂಡೆಗಳ ಬಣ್ಣ ಕೊಡೋಣ, ಕೈಯಲ್ಲಿರುವ ಕತ್ತಿ ತೆಗೆದು ಓಬವ್ವನ ಒನಕೆ ಹಿಡಿಸೋಣ ಅಂತ ಆಸೆ. ಡ್ರಾಯಿಂಗ್‌ಗೆಂದು ತಂದಿದ್ದ ಅಕ್ರಿಲಿಕ್ ಬಣ್ಣವನ್ನು ಬ್ರಷ್‌ನಲ್ಲಿ ಹಚ್ಚಿದೆ. ಗೆರೆ ಗೆರೆ ಬಂತು. ಒಣಗಿದ ಮೇಲೆ ಮೊಣಕೈ ಮಡಚಿದರೆ ಸಿಪ್ಪೆಯ ಹಾಗೆ ಕಿತ್ತುಬಂತು. ಕಿಟ್ ಹಾಳಾಯಿತಾ? ಮೊದಲಿಂದ ಮಾಡಬಹುದಾ?
— ವಿದ್ಯಾರ್ಥಿ, ಚಿತ್ರದುರ್ಗ

ಉತ್ತರ: ಹಾಳಾಗಿಲ್ಲ. ಧೈರ್ಯವಾಗಿ ಮೊದಲಿಂದ ಮಾಡಿ. ನಿಮ್ಮ ಕೈಯಲ್ಲಿ ದೋಷವಿಲ್ಲ, ಬಣ್ಣ ಕೂರುವ ಜಾಗ ತಯಾರಾಗಿರಲಿಲ್ಲ ಅಷ್ಟೆ. ಡ್ರಾಯಿಂಗ್ ಅಕ್ರಿಲಿಕ್ ಮಾಡಿರುವುದೇ ಕಾಗದ, ಕ್ಯಾನ್ವಾಸ್‌ಗೆ. ಅವು ಬಣ್ಣವನ್ನು ಒಂದಿಷ್ಟು ಹೀರಿಕೊಳ್ಳುತ್ತವೆ. ನಿಮ್ಮ ಕಿಟ್‌ನ ಹೊರಮೈ ಹೆಚ್ಚಾಗಿ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್, ಏನನ್ನೂ ಹೀರುವುದಿಲ್ಲ. ಮೇಲೆ ಅಚ್ಚಿನಿಂದ ಬಿಡಿಸುವಾಗ ಉಳಿದ ಎಣ್ಣೆಯ ಅಂಶ, ಜೋಡಿಸುವಾಗ ಹತ್ತಿದ ನಿಮ್ಮ ಬೆರಳಿನ ಜಿಡ್ಡು ಬೇರೆ. ಅದರ ಮೇಲೆ ದಪ್ಪಗೆ ಕೂತ ಬಣ್ಣ ಒಂದು ಹಾಳೆಯ ಹಾಗೆ ನಿಂತಿರುತ್ತದೆ, ಹಿಡಿದಿರುವುದಿಲ್ಲ. ಕೀಲು ಉಜ್ಜಿದ ಕೂಡಲೇ ಹಾಳೆ ಎದ್ದು ಬರುತ್ತದೆ.

ನಮ್ಮ ದಾವಣಗೆರೆಯ ಪಿ.ಬಿ. ರಸ್ತೆ ಕಡೆ ಗ್ಯಾರೇಜುಗಳಲ್ಲಿ ಲಾರಿಗೆ ಬಣ್ಣ ಹೊಡೆಯುವವರನ್ನು ನಿಂತು ನೋಡಿ. ದಿನವೆಲ್ಲ ವಾಟರ್ ಪೇಪರ್ ಹಿಡಿದು ಉಜ್ಜುವುದೇ ಕೆಲಸ. ಸ್ಪ್ರೇ ಗನ್ ಕೈಗೆ ಬರುವುದು ಕೊನೆಗೆ, ಸ್ವಲ್ಪ ಹೊತ್ತು ಮಾತ್ರ. ನಾನು ಈ ಹವ್ಯಾಸದಲ್ಲಿ ಕಲಿತದ್ದರಲ್ಲಿ ಅರ್ಧ ಅವರ ಉಜ್ಜುವಿಕೆ ನೋಡಿಯೇ ಕಲಿತದ್ದು.

ಮೊದಲು ಹಳೆಯ ಬಣ್ಣ ತೆಗೆಯಬೇಕು. ರೋಬೊವನ್ನು ಪೂರ್ತಿ ಬಿಚ್ಚಿ. ಅಂಟಿಲ್ಲದೆ ಒತ್ತಿ ಜೋಡಿಸುವ ಕಿಟ್ ಆದ್ದರಿಂದ ನಿಧಾನವಾಗಿ ಬಿಡಿಸಿದರೆ ಬರುತ್ತದೆ. ಮೊಬೈಲ್ ರಿಪೇರಿಯವರು ಬೋರ್ಡ್ ಒರೆಸಲು ಇಟ್ಟುಕೊಂಡಿರುತ್ತಾರಲ್ಲ, ಆ ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು. ಬಟ್ಟಲಿನಲ್ಲಿ ಸ್ವಲ್ಪ ಹೊತ್ತು ನೆನೆಸಿ ಹಳೆಯ ಟೂತ್‌ಬ್ರಷ್‌ನಲ್ಲಿ ತಿಕ್ಕಿ. ಕಿಟಕಿ ತೆರೆದಿರಲಿ, ಹತ್ತಿರ ಒಲೆ, ದೀಪ ಬೇಡ. ಪಾರದರ್ಶಕ ಭಾಗಗಳನ್ನು ಇದಕ್ಕೆ ಹಾಕಬೇಡಿ. ಒಳಗಿನ ಕೀಲುಗಳಲ್ಲಿ ಎಬಿಎಸ್ ಪ್ಲಾಸ್ಟಿಕ್ ಇರಬಹುದು. ಯಾವ ರನ್ನರ್ (ಭಾಗಗಳು ಅಂಟಿಕೊಂಡು ಬರುವ ಚೌಕಟ್ಟು) ಯಾವ ಪ್ಲಾಸ್ಟಿಕ್ ಎಂದು ಜೋಡಣೆಯ ಪುಸ್ತಿಕೆಯಲ್ಲೂ ರನ್ನರ್ ಮೇಲೂ ಬರೆದಿರುತ್ತದೆ, ನೋಡಿ ಅವನ್ನೂ ಹೊರಗಿಡಿ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ಹಾರ್ಡ್‌ವೇರ್ ಅಂಗಡಿಯ ಥಿನ್ನರ್, ಪೆಟ್ರೋಲ್, ಉಗುರು ಬಣ್ಣ ತೆಗೆಯುವ ಅಸಿಟೋನ್, ಮೂರನ್ನೂ ಮುಟ್ಟಬೇಡಿ. ಪಾಲಿಸ್ಟೈರೀನ್ ಕರಗುತ್ತದೆ. ನಾನು ಕಲಿಯುವ ಹೊತ್ತಿನಲ್ಲಿ ಒಂದು ಕಾಲಿನ ಕವಚವನ್ನು ಥಿನ್ನರ್ ಬಟ್ಟೆಯಲ್ಲಿ ಒರೆಸಿದ್ದೆ. ಅಂಚುಗಳೆಲ್ಲ ಬಾಯಲ್ಲಿ ಚೀಪಿದ ಪೆಪ್ಪರಮೆಂಟಿನ ಹಾಗೆ ಮೆತ್ತಗಾದವು. ಅದನ್ನು ಸರಿಮಾಡಲು ದಾರಿಯೇ ಇರಲಿಲ್ಲ.

ಇನ್ನು ಉಜ್ಜುವ ಕೆಲಸ. ಭಾಗವನ್ನು ರನ್ನರ್‌ನಿಂದ ಬಿಡಿಸಿದ ಜಾಗದಲ್ಲಿ ಸಣ್ಣ ಗಂಟು ಉಳಿದಿರುತ್ತದೆ, ಅದಕ್ಕೆ ಗೇಟ್ ಅನ್ನುತ್ತಾರೆ. ವೈರ್ ಕತ್ತರಿಸುವ ಕಟಿಂಗ್ ಪ್ಲೇಯರ್‌ನಿಂದ ಭಾಗಕ್ಕೆ ತಾಗಿಸಿ ಒಂದೇ ಏಟಿಗೆ ಕತ್ತರಿಸಿದರೆ ಅಲ್ಲಿ ಪ್ಲಾಸ್ಟಿಕ್ ಜಗ್ಗಿ ಬಿಳಿಚಿಕೊಳ್ಳುತ್ತದೆ, ಕೆಲವೊಮ್ಮೆ ಗುಳಿ ಬೀಳುತ್ತದೆ. ಮುಂದಿನ ಕಿಟ್‌ಗೆ ಒಳ್ಳೆಯ ನಿಪ್ಪರ್ (ಪ್ಲಾಸ್ಟಿಕ್ ಕತ್ತರಿಸುವ ಸಣ್ಣ ಇಕ್ಕಳ) ತೆಗೆದುಕೊಳ್ಳಿ. ಮೊದಲ ಸಲ ಭಾಗದಿಂದ ಎರಡು ಮೂರು ಮಿಲಿಮೀಟರ್ ದೂರ ಕತ್ತರಿಸಿ, ಆಮೇಲೆ ಉಳಿದ ತುಣುಕನ್ನು ಪ್ರತ್ಯೇಕವಾಗಿ ತೆಗೆಯಿರಿ. ನಂತರ 600, 800, 1000 ನಂಬರಿನ ವಾಟರ್ ಪೇಪರ್, ಇದೇ ಕ್ರಮದಲ್ಲಿ. ಪೇಪರನ್ನು ಐಸ್‌ಕ್ಯಾಂಡಿ ಕಡ್ಡಿಗೆ ಅಂಟಿಸಿಕೊಂಡು ನೀರು ಮುಟ್ಟಿಸಿ ಉಜ್ಜಿ. ಬೆರಳಿನಿಂದ ಒತ್ತಿ ಉಜ್ಜಿದರೆ ಚಪ್ಪಟೆ ಭಾಗ ತಗ್ಗಾಗುತ್ತದೆ. ಮುಗಿಯಿತೆಂದು ಕಣ್ಣು ಹೇಳಿದರೆ ನಂಬಬೇಡಿ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಉಗುರು ಎಳೆಯಿರಿ. ಉಗುರು ಎಲ್ಲೂ ತಡೆಯದೆ ಜಾರಬೇಕು.

ಈಗ ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ಎಲ್ಲವನ್ನೂ ತೊಳೆದು ಪೂರ್ತಿ ಒಣಗಿಸಿ. ಸಣ್ಣ ಭಾಗ ಚರಂಡಿಗೆ ಹೋಗದಂತೆ ಕೆಳಗೊಂದು ಜರಡಿ ಇಟ್ಟುಕೊಳ್ಳಿ. ಅಲ್ಲಿಂದ ಮುಂದೆ ಬರಿಗೈಯಲ್ಲಿ ಮುಟ್ಟುವುದಿಲ್ಲ. ಬಿದಿರು ಕಡ್ಡಿಯ ತುದಿಗೆ ಕ್ಲಿಪ್ ಕಟ್ಟಿ, ಭಾಗವನ್ನು ಒಳಗಡೆಯಿಂದ ಕಚ್ಚಿಸಿ, ಕಡ್ಡಿಯನ್ನು ಥರ್ಮಾಕೋಲ್‌ಗೆ ಚುಚ್ಚಿ ನಿಲ್ಲಿಸಿ.

ಆಮೇಲೆ ಪ್ರೈಮರ್, ಅಂದರೆ ಬಣ್ಣ ಹಿಡಿಯಲೆಂದು ಮೊದಲು ಕೊಡುವ ಪದರ. ಇದನ್ನು ಬಿಡುವಂತಿಲ್ಲ. ಮಾಡೆಲ್ ಕಿಟ್‌ಗೆಂದೇ ಮಾಡಿದ ಬೂದು ಬಣ್ಣದ ಪ್ರೈಮರ್ ಸರ್ಫೇಸರ್ ಎಂಬ ಹೆಸರಲ್ಲಿ ಸ್ಪ್ರೇ ಡಬ್ಬಿಯಲ್ಲಿ ಸಿಗುತ್ತದೆ. ಗಾಡಿಗೆ ಹೊಡೆಯುವ ಸ್ಪ್ರೇ ಅಗ್ಗ ನಿಜ, ಆದರೆ ಕೆಲವು ಡಬ್ಬಿಗಳ ದ್ರಾವಕ ಪ್ಲಾಸ್ಟಿಕ್ಕನ್ನೇ ತಿನ್ನುತ್ತದೆ. ಬಳಸಲೇಬೇಕೆಂದರೆ ಮೊದಲು ಖಾಲಿ ರನ್ನರ್ ಮೇಲೆ ಹೊಡೆದು ಒಂದು ದಿನ ಕಾಯಿರಿ. ಹದಿನೈದು ಇಪ್ಪತ್ತು ಸೆಂಟಿಮೀಟರ್ ದೂರದಿಂದ, ಕೈ ನಿಲ್ಲಿಸದೆ, ಮಂಜು ಕೂತ ಹಾಗೆ ಎರಡು ಮೂರು ಸಲ. ಒಂದೇ ಸಲಕ್ಕೆ ಮುಚ್ಚಲು ಹೋದರೆ ಸೋರುತ್ತದೆ.

ನಿಮ್ಮೂರಿನ ಗಾಳಿಯ ವಿಷಯ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಜೋಗಿಮಟ್ಟಿ ಕಡೆ ಅಷ್ಟು ಗಾಳಿಯಂತ್ರ ನಿಲ್ಲಿಸಿರುವುದು ಸುಮ್ಮನೆ ಅಲ್ಲ. ತಾರಸಿಯ ಮೇಲೆ ಮಧ್ಯಾಹ್ನ ಸ್ಪ್ರೇ ಮಾಡಿದರೆ ಅರ್ಧ ಬಣ್ಣ ಪಕ್ಕದ ಮನೆಗೆ, ಅವರ ಮನೆಯ ಧೂಳು ನಿಮ್ಮ ರೋಬೊಗೆ. ಬೇಸಿಗೆಯಲ್ಲಿ ಇನ್ನೊಂದು ತೊಂದರೆ. ಬಣ್ಣದ ಹನಿ ಗಾಳಿಯಲ್ಲೇ ಒಣಗಿ ಪುಡಿಯಾಗಿ ಬಿದ್ದು ಮೈ ರವೆ ರವೆ ಆಗುತ್ತದೆ. ಗಾಳಿ ಏಳುವ ಮುಂಚೆ, ಬೆಳಿಗ್ಗೆ, ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ಅಡ್ಡ ಮಲಗಿಸಿ ಅದರೊಳಗೆ ಹೊಡೆಯಿರಿ. ಡಬ್ಬಿಯನ್ನು ಬಿಸಿಲಿಗೆ ಇಡಬೇಡಿ.

ಬ್ರಷ್ ಗೆರೆಗೆ ಬರುತ್ತೇನೆ. ನಿಮ್ಮ ಬಣ್ಣ ದೋಸೆಹಿಟ್ಟಿನ ಹದದಲ್ಲಿತ್ತು, ಬೇಕಾದದ್ದು ಹಾಲಿನ ಹದ. ಮಾಡೆಲ್‌ಗೆಂದೇ ಮಾಡಿದ ನೀರು ಆಧಾರಿತ ಅಕ್ರಿಲಿಕ್ ತೆಗೆದುಕೊಂಡು ನೀರಿನಲ್ಲಿ ತೆಳುಮಾಡಿ, ಚಪ್ಪಟೆ ಸಿಂಥೆಟಿಕ್ ಬ್ರಷ್‌ನಲ್ಲಿ ಹಚ್ಚಿ. ಮೊದಲ ಪದರ ನೋಡಿದರೆ ಎದೆ ಒಡೆಯುತ್ತದೆ: ಅಲ್ಲಲ್ಲಿ ಪ್ರೈಮರ್ ಕಾಣುತ್ತದೆ, ಪಟ್ಟೆ ಪಟ್ಟೆ. ಹಾಗೇ ಬಿಡಿ. ಅರ್ಧ ಒಣಗಿದ್ದರ ಮೇಲೆ ಬ್ರಷ್ ವಾಪಸ್ ಎಳೆಯುವುದೇ ಗೆರೆಗೆ ಮೂಲ. ಪೂರ್ತಿ ಒಣಗಿದ ಮೇಲೆ ಎರಡನೆಯದನ್ನು ಅಡ್ಡಡ್ಡ ಎಳೆಯಿರಿ, ಮೂರನೆಯದನ್ನು ಮತ್ತೆ ಉದ್ದುದ್ದ. ಮೂರರಲ್ಲಿ ಸಮವಾಗುತ್ತದೆ, ಹಳದಿ ಕೆಂಪಿಗೆ ನಾಲ್ಕೂ ಬೇಕಾಗಬಹುದು. ನಿಮ್ಮ ಕಡೆಯ ಒಣಹವೆಗೆ ತಟ್ಟೆಯಲ್ಲೇ ಬಣ್ಣ ಗಟ್ಟಿಯಾಗುತ್ತದೆ. ಸ್ಟೀಲ್ ತಟ್ಟೆಯಲ್ಲಿ ಒದ್ದೆ ಬಟ್ಟೆ ಹಾಸಿ ಅದರ ಮೇಲೆ ಬಟರ್ ಪೇಪರ್ ಇಟ್ಟು ಬಣ್ಣ ಕಲಸಿಕೊಳ್ಳಿ, ತುಂಬಾ ಹೊತ್ತು ಹಸಿಯಾಗಿರುತ್ತದೆ.

ಕೀಲಿನ ಗೂಟ, ತೂತುಗಳಿಗೆ ಬಣ್ಣ ಹಚ್ಚಲೇಬೇಡಿ. ಎರಡು ಭಾಗ ಉಜ್ಜುವ ಕಡೆ ವಾಟರ್ ಪೇಪರ್‌ನಿಂದ ಒಂದು ಎಳೆಯಷ್ಟು ತೆಳುಮಾಡಿದರೆ ಬಣ್ಣದ ದಪ್ಪಕ್ಕೆ ಜಾಗವಾಗುತ್ತದೆ. ಮೊಣಕೈಯಲ್ಲಿ ಸಿಪ್ಪೆ ಏಳುವುದು ಇದರಿಂದಲೇ ನಿಲ್ಲುತ್ತದೆ.

ಬಂಡೆಯ ಬಣ್ಣದ ಆಸೆ ನನಗೆ ಬಹಳ ಇಷ್ಟವಾಯಿತು. ಆದರೆ ಮನೆಯಲ್ಲಿ ಕೂತು ಬೂದು ಕಲಸಬೇಡಿ, ಕೋಟೆಗೆ ಹೋಗಿ ಫೋಟೊ ತೆಗೆದುಕೊಂಡು ಬನ್ನಿ. ಬಂಡೆ ಬರೀ ಬೂದು ಅಲ್ಲ. ಬೂದಿಯೊಳಗೆ ಮಾಸಲು ಕೆಂಚು ಇದೆ, ಮಳೆನೀರು ಇಳಿದ ದಾರಿಯಲ್ಲಿ ಮೇಲಿಂದ ಕೆಳಕ್ಕೆ ಕಪ್ಪು ಪಟ್ಟೆ ಇದೆ. ಆ ಪಟ್ಟೆಯೇ ನಿಮಗೆ ಬೇಕಾದದ್ದು. ತುಂಬಾ ತೆಳು ಕಪ್ಪು-ಕಂದನ್ನು ಭುಜ, ತೊಡೆಯ ಅಂಚಿಗೆ ಚುಕ್ಕೆಯಿಟ್ಟು, ಒದ್ದೆ ಬ್ರಷ್‌ನಲ್ಲಿ ನೇರ ಕೆಳಕ್ಕೆ ಎಳೆಯಿರಿ. ಓರೆ ಎಳೆದರೆ ಕೊಳೆಯ ಹಾಗೆ ಕಾಣುತ್ತದೆ. ಅಂಚುಗಳಿಗೆ ಒಣ ಬ್ರಷ್: ತಿಳಿ ಬಣ್ಣ ಅದ್ದಿ, ಕಾಗದಕ್ಕೆ ಒರೆಸಿ ಒರೆಸಿ ಏನೂ ಉಳಿದಿಲ್ಲ ಅನ್ನಿಸಿದಾಗ, ಅಂಚಿನ ಮೇಲೆ ಹಗುರವಾಗಿ ಸವರಿ.

ಒನಕೆಗೆ ಹೊಸದೇನೂ ಕೊಳ್ಳಬೇಕಿಲ್ಲ. ಮೊದಲ ಗುಂಡಮ್ ಕಥೆಯಲ್ಲಿ 18 ಮೀಟರ್ ಎತ್ತರದ್ದು, 1/144ಕ್ಕೆ ಇಳಿಸಿದರೆ ಹನ್ನೆರಡೂವರೆ ಸೆಂಟಿಮೀಟರ್. ಒನಕೆ ಹೆಚ್ಚು ಕಡಿಮೆ ಕುಟ್ಟುವವರ ಎತ್ತರಕ್ಕೇ ಬರುತ್ತದೆ, ಹಾಗಾಗಿ ಹನ್ನೊಂದು ಸೆಂಟಿಮೀಟರ್ ಇರಲಿ. ಕತ್ತಿಯ ಹಿಡಿ ಎಷ್ಟು ದಪ್ಪ ನೋಡಿ, ಅದಕ್ಕಿಂತ ತುಸು ದಪ್ಪದ ಬಿದಿರು ಕಡ್ಡಿ ಆರಿಸಿ, ನಡುವೆ ಮಾತ್ರ ಉಜ್ಜಿ ಕೈಗೆ ಕೂರುವಷ್ಟು ಸಣ್ಣ ಮಾಡಿ. ತುದಿಯ ಕಬ್ಬಿಣದ ಬಳೆಗೆ ಕಾಗದದ ಸಣ್ಣ ಪಟ್ಟಿ ಎರಡು ಸುತ್ತು ಅಂಟಿಸಿ ಕಪ್ಪು ಹಚ್ಚಿ. ಒಣಗಿದ ಮೇಲೆ ಪೆನ್ಸಿಲ್ ಸೀಸದ ಪುಡಿಯನ್ನು ಬೆರಳಲ್ಲಿ ತಿಕ್ಕಿದರೆ ಬಳಸಿ ನುಣುಪಾದ ಕಬ್ಬಿಣದ ಹೊಳಪು ಬರುತ್ತದೆ. ಫೆವಿಕ್ವಿಕ್ ಬಳಸುವುದಾದರೆ ಒನಕೆಯನ್ನು ರೋಬೊದಿಂದ ದೂರವಿಟ್ಟು ಅಂಟಿಸಿ, ಅದರ ಆವಿ ಪ್ಲಾಸ್ಟಿಕ್ ಮೇಲೆ ಬಿಳಿ ಮಬ್ಬು ಕೂರಿಸುತ್ತದೆ.

ಪ್ರಶ್ನೆ: ಮಗ ಐದನೇ ಕ್ಲಾಸು. ರೋಬೊ ಕಿಟ್‌ಗೆ ಸ್ಪ್ರೇ ಡಬ್ಬಿ ಬೇಕೆಂದು ಹಟ. ಮನೆ ಚಿಕ್ಕದು, ಕೈಗೂಸೂ ಇದೆ. ಕೊಡಿಸಬಹುದೇ?
— ತಾಯಿ, ವಿದ್ಯಾನಗರ, ದಾವಣಗೆರೆ

ಉತ್ತರ: ಬೇಡಮ್ಮ. ಆಸ್ಪತ್ರೆಗಳಲ್ಲಿ ನೋಡುವ ಎನ್95 ಮಾಸ್ಕ್ ಧೂಳು ತಡೆಯುತ್ತದೆ, ಸ್ಪ್ರೇಯ ದ್ರಾವಕದ ಆವಿಯನ್ನು ತಡೆಯುವುದಿಲ್ಲ. ಅದಕ್ಕೆ ಆವಿ ಹೀರುವ ಕಾರ್ಟ್ರಿಜ್ ಇರುವ ಬೇರೆ ಮಾಸ್ಕ್ ಬೇಕು. ಮಗುವಿರುವ ಚಿಕ್ಕ ಮನೆಯಲ್ಲಿ ಇದರ ಮಾತೇ ಬೇಡ.

ಅವನಿಗೆ ನಿರಾಸೆಯಾಗಬೇಕಿಲ್ಲ. ಬಂಡೈ ಕಂಪನಿ 1980ರಲ್ಲಿ ಮೊದಲು ಗುಂಡಮ್ ಕಿಟ್ ತಂದಾಗ ಅಂಟು, ಬಣ್ಣ ಎರಡೂ ಬೇಕಿತ್ತು. ಈಗಿನ ಕಿಟ್‌ಗಳು ಒತ್ತಿದರೆ ಕೂರುತ್ತವೆ, ಪ್ಲಾಸ್ಟಿಕ್ಕೇ ಬಣ್ಣದ್ದು. ಅವನಿಗೊಂದು ಸಣ್ಣ ತುದಿಯ ಮಾರ್ಕರ್ ಕೊಡಿಸಿ. ಕವಚದ ಮೇಲಿನ ಗೀರುಗಳಲ್ಲಿ ಎಳೆದು, ಹೊರಗೆ ಹೋದದ್ದನ್ನು ಬಟ್ಟೆಯಲ್ಲಿ ಒರೆಸಲಿ. ಬಿಳಿ ಭಾಗಕ್ಕೆ ಬೂದು, ಕೆಂಪು ಹಳದಿಗೆ ಕಂದು, ಕಪ್ಪು ಮಾರ್ಕರ್ ಗಾಢ ಬಣ್ಣಕ್ಕೆ ಮಾತ್ರ. ಬಿಳಿಯ ಮೇಲೆ ಕಪ್ಪು ಎಳೆದರೆ ಆಟಿಕೆಯ ಹಾಗೆ ಕಾಣುತ್ತದೆ. ಇಷ್ಟಕ್ಕೇ ಕಿಟ್‌ನ ರೂಪ ಬೇರೆಯಾಗುವುದನ್ನು ಅವನೇ ನೋಡುತ್ತಾನೆ. ಬ್ಲೇಡ್ ಕೆಲಸ ಇರುವಾಗ ಪಕ್ಕದಲ್ಲಿ ಕೂತಿರಿ. ಕತ್ತರಿಸಿದ ತುಣುಕುಗಳನ್ನು ಆಗಲೇ ಗುಡಿಸಿಬಿಡಿ, ಕೂಸಿನ ಬಾಯಿಗೆ ಹೋಗಬಾರದು.

ಪ್ರಶ್ನೆ: ಮಳೆಗಾಲದಲ್ಲಿ ಕಿಟ್‌ಗೆ ಕೊನೆಯ ಮ್ಯಾಟ್ ಕೋಟ್ (ಹೊಳಪಿಲ್ಲದ ಪಾರದರ್ಶಕ ಪದರ) ಸ್ಪ್ರೇ ಹೊಡೆದೆ. ಕಪ್ಪು ಭಾಗವೆಲ್ಲ ವಿಭೂತಿ ಬಳಿದ ಹಾಗೆ ಬೆಳ್ಳಗಾಯಿತು. ಎಲ್ಲ ತೆಗೆಯಬೇಕೇ?
— ಓದುಗರು, ಹರಿಹರ

ಉತ್ತರ: ತೆಗೆಯಬೇಡಿ. ದ್ರಾವಕ ಆವಿಯಾಗುವಾಗ ಮೈ ತಣ್ಣಗಾಗಿ, ಗಾಳಿಯ ತೇವ ಅದರ ಮೇಲೆ ಕೂತು ಪದರದಲ್ಲಿ ಸಿಕ್ಕಿಕೊಂಡಿದೆ. ಮಳೆ ಬಿಟ್ಟ ಒಣ ದಿನ ನೋಡಿ ಅದೇ ಡಬ್ಬಿಯಿಂದ ತೆಳುವಾಗಿ ಇನ್ನೊಂದು ಸಲ ಹೊಡೆಯಿರಿ. ಹಳೆಯ ಪದರ ಕರಗಿ ತೇವ ಬಿಟ್ಟುಕೊಟ್ಟು ಬಹುಪಾಲು ತಿಳಿಯಾಗುತ್ತದೆ. ಮೊದಲು ಪಾದದ ಹಿಂಭಾಗಕ್ಕೆ ಹೊಡೆದು ನೋಡಿಕೊಂಡು ಮುಂದುವರಿಯಿರಿ.