ವಿಜ್ಞಾನಕ್ಕೆ ಸರ್ಕಾರದ ದುಡ್ಡು: ತೀರ್ಮಾನ ಯಾರದು?

ಪ್ರಶ್ನೆ: ನಮ್ಮದು ಚಳ್ಳಕೆರೆ ತಾಲ್ಲೂಕು. ಕುರಿ ಮೇಯಿಸುತ್ತಿದ್ದ ಕಾವಲು ವಿಜ್ಞಾನ ಸಂಸ್ಥೆಗಳ ಪಾಲಾಯಿತು, ಈಗ ಕಾಂಪೌಂಡ್ ಎದ್ದಿದೆ. ಸಂಶೋಧನೆಗೆ ಇಷ್ಟು ದುಡ್ಡು ಸುರಿಯಬೇಕಾ ಸರ್? ಯಾವುದಕ್ಕೆ ಎಷ್ಟು ಅಂತ ತೀರ್ಮಾನ ಮಾಡೋದು ರಾಜಕಾರಣಿಗಳಾ, ವಿಜ್ಞಾನಿಗಳಾ?

ಉತ್ತರ: ನಿಜ ಹೇಳಬೇಕೆಂದರೆ ನಾವು ಸುರಿಯುತ್ತಿರುವುದು ಕಡಿಮೆಯೇ. 2020-21ರ ಲೆಕ್ಕದಲ್ಲಿ ಸರ್ಕಾರಿ, ಖಾಸಗಿ ಎರಡೂ ಸೇರಿ ಸಂಶೋಧನೆಗೆ ಹೋದದ್ದು ಜಿಡಿಪಿಯ ಶೇ 0.64, ಅಂದರೆ ದೇಶದ ಉತ್ಪನ್ನದ ನೂರು ರೂಪಾಯಿಗೆ 64 ಪೈಸೆ. ಚೀನಾ ಎರಡು ರೂಪಾಯಿಗೂ ಜಾಸ್ತಿ ಹಾಕುತ್ತದೆ.

ಒಟ್ಟು ಎಷ್ಟು, ರಕ್ಷಣೆಗೆ ಎಷ್ಟು, ಕೃಷಿಗೆ ಎಷ್ಟು ಎಂಬುದನ್ನು ಸರ್ಕಾರವೇ ಹೇಳಬೇಕು. ನಾವು ಓಟು ಹಾಕಿದವರು ಅವರಿಗೆ ತಾನೆ? ಆದರೆ ಯಾವ ಅರ್ಜಿಗೆ ಹಣ ಕೊಡಬೇಕು ಎಂಬುದನ್ನು ಆ ವಿಷಯ ಬಲ್ಲ ವಿಜ್ಞಾನಿಗಳು ಓದಿ ಹೇಳಬೇಕು. ಪ್ರಯೋಗದ ಫಲಿತಾಂಶವನ್ನಂತೂ ಯಾರೂ ಮೊದಲೇ ಹೇಳಬಾರದು. 2020ರಲ್ಲಿ ಕೇಂದ್ರ ಸರ್ಕಾರ ದೇಸಿ ಹಸುವಿನ ಹಾಲು, ಗಂಜಲ, ಸಗಣಿಯ ಸಂಶೋಧನೆಗೆ ಅರ್ಜಿ ಕರೆದಾಗ, ಕೈಬಿಡಿ ಎಂದು ಐನೂರಕ್ಕೂ ಹೆಚ್ಚು ವಿಜ್ಞಾನಿಗಳು ಪತ್ರ ಬರೆದರು. ಹಸುವಿನ ಮೇಲೆ ಸಂಶೋಧನೆ ಮಾಡುವುದು ತಪ್ಪಲ್ಲ. ನಿಮ್ಮ ಕಡೆಯ ಅಮೃತಮಹಲ್ ತಳಿ ಬರವನ್ನು ಹೇಗೆ ತಾಳುತ್ತದೆ ಅಂತ ಯಾರಾದರೂ ನೋಡಿದರೆ ನನಗಂತೂ ಖುಷಿ. ಹಾಲು, ಗಂಜಲದಲ್ಲಿ ಔಷಧ ಗುಣ ಇದ್ದೇ ಇದೆ ಎಂದು ಮೊದಲೇ ನಂಬಿಕೊಂಡು ಹಣ ಕೊಡುವುದರ ಬಗ್ಗೆ ಆ ವಿಜ್ಞಾನಿಗಳ ತಕರಾರು ಇತ್ತು. ಅದು ನ್ಯಾಯವಾದದ್ದೇ.

ಹಾಗಂತ ವಿಜ್ಞಾನಿಗಳ ಕೈಗೆ ಬಿಟ್ಟರೆ ಎಲ್ಲ ಸರಿಹೋಗುತ್ತದೆ ಅಂತಲ್ಲ. ಅರ್ಜಿ ಓದುವವರಲ್ಲಿ ಹೆಚ್ಚಿನವರು ದೊಡ್ಡ ಸಂಸ್ಥೆಯವರು, ಹಣವೂ ಅಲ್ಲಿಗೇ ಹೆಚ್ಚು. ದಾವಣಗೆರೆ ವಿಶ್ವವಿದ್ಯಾಲಯದ ಮೇಷ್ಟ್ರು ಮೆಕ್ಕೆಜೋಳದ ರೋಗದ ಬಗ್ಗೆ ಅರ್ಜಿ ಹಾಕಿದರೆ, ಐಐಟಿಯ ದೊಡ್ಡ ಲ್ಯಾಬಿನವರ ಜೊತೆ ಪೈಪೋಟಿ ಮಾಡಬೇಕು. ಈ ಅಂತರ ಕಡಿಮೆ ಮಾಡುವುದಕ್ಕೂ ಅಂತಲೇ 2023ರ ಕಾಯ್ದೆಯಿಂದ, ಸಂಶೋಧನೆಗೆ ಹಣ ಹಂಚುವ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಬಂತು. ಅದರ ಆಡಳಿತ ಮಂಡಳಿಗೆ ಪ್ರಧಾನಿಯೇ ಅಧ್ಯಕ್ಷರು. ಯಾವ ಪಕ್ಷದವರೇ ಆಗಿರಲಿ, ಪ್ರಧಾನಿ ಆ ಕುರ್ಚಿಯಲ್ಲಿ ಕೂರುವುದು ನನಗೆ ಅಷ್ಟು ಸರಿ ಕಾಣುವುದಿಲ್ಲ.

ಇನ್ನು ನಿಮ್ಮ ಕಾವಲು. ಸರ್ಕಾರ ವಿಜ್ಞಾನಕ್ಕೆ ಕೊಡುವುದು ಬರೀ ದುಡ್ಡಲ್ಲ, ಜಮೀನು ಕೂಡ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ (ಐಐಎಸ್‌ಸಿ) ಒಂದಕ್ಕೇ ಸುಮಾರು 1,500 ಎಕರೆ ಸಿಕ್ಕಿತು. ರಕ್ಷಣಾ ಸಂಶೋಧನೆಯ ಡಿಆರ್‌ಡಿಒ, ಬಾಹ್ಯಾಕಾಶದ ಇಸ್ರೋ, ಅಣು ಸಂಶೋಧನೆಯ ಬಿಎಆರ್‌ಸಿಗಳಿಗೂ ಪಾಲು ಹೋಯಿತು. 2023ರ ಏಪ್ರಿಲ್‌ನಲ್ಲಿ ಇಸ್ರೋದ ಮರುಬಳಕೆಯ ಉಡಾವಣಾ ವಾಹನದ ಮಾದರಿ ತಾನಾಗಿ ಹಾರಿ ಬಂದು ಇಳಿದದ್ದು ಅಲ್ಲಿನ ರನ್‌ವೇ ಮೇಲೆಯೇ. ನನಗೂ ಹೆಮ್ಮೆ ಅನ್ನಿಸಿತು. ಆದರೆ ದಾಖಲೆಯಲ್ಲಿ ಸರ್ಕಾರಿ ಜಾಗ ಆಗಿದ್ದರೂ ಕುರಿ ಕಾಯುವವರಿಗೆ, ಕಂಬಳಿ ನೇಯುವವರಿಗೆ ಅದೇ ಬದುಕು. ಅವರನ್ನು ಕೂರಿಸಿ ಕೇಳದೆ ಕೊಟ್ಟದ್ದು ತಪ್ಪು. ವಿಷಯ ಹಸಿರು ನ್ಯಾಯಮಂಡಳಿವರೆಗೆ ಹೋದದ್ದೂ ಅದಕ್ಕೇ. ಪ್ರಯೋಗ ಗೆದ್ದಿತು ಅಂದಮಾತ್ರಕ್ಕೆ ಆ ತಪ್ಪು ಮಾಫಿ ಆಗುವುದಿಲ್ಲ.

ಈಗ ಮಾಡಬಹುದಾದ ಒಂದು ಕೆಲಸವಿದೆ: ಮಾಹಿತಿ ಹಕ್ಕಿನಲ್ಲಿ ಕೇಳಿ. ಡಿಆರ್‌ಡಿಒಗೆ ಆ ಕಾಯ್ದೆಯಿಂದ ವಿನಾಯಿತಿ ಇದೆ, ಅಲ್ಲಿ ಸುಮ್ನೆ ಅಲೆಯಬೇಡಿ. ಜಮೀನು ಮಂಜೂರಾತಿಯ ಷರತ್ತುಗಳ ಪ್ರತಿಯನ್ನು ಚಿತ್ರದುರ್ಗದ ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೇಳಿ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಇರಬೇಕು. ಮೇಯಿಸುವ ಹಕ್ಕಿನ ಬಗ್ಗೆ ಬೇರೆ ಅರ್ಜಿ ಹಾಕಿ.