ಒಂಬತ್ತನೇ ಗ್ರೇಡಿಗೆ ಆಲ್ಜಿಬ್ರಾ ಒಂದೋ, ಜಿಯಾಮೆಟ್ರಿಯೋ?

ನಮಸ್ಕಾರ.

ಜುಲೈನಲ್ಲಿ ಕುಟುಂಬಸಮೇತ ಕ್ಯಾಲಿಫೋರ್ನಿಯಾಕ್ಕೆ ಬರುತ್ತಿರುವುದಾಗಿಯೂ, ಬೆಂಗಳೂರಿನಲ್ಲಿ ಸಿಬಿಎಸ್‌ಇ ಎಂಟನೇ ತರಗತಿ ಮುಗಿಸಿರುವ ನಿಮ್ಮ ಮಗಳನ್ನು ಒಂಬತ್ತನೇ ಗ್ರೇಡಿಗೆ ಸೇರಿಸುವಾಗ ಆಲ್ಜಿಬ್ರಾ ಒಂದರಲ್ಲಿ (ಬೀಜಗಣಿತದ ಮೊದಲ ಕೋರ್ಸು) ಕೂರಿಸಬೇಕೋ, ಅದನ್ನು ದಾಟಿ ನೇರವಾಗಿ ಜಿಯಾಮೆಟ್ರಿಗೆ (ರೇಖಾಗಣಿತ) ಹಾಕಬೇಕೋ ಎಂದು ಶಾಲೆಯವರು ಕೇಳಿರುವುದಾಗಿಯೂ ಬರೆದಿದ್ದೀರಿ. ಆಲ್ಜಿಬ್ರಾ ಒಂದರಿಂದ ಆರಂಭಿಸಿದರೆ ಹೈಸ್ಕೂಲಿನೊಳಗೆ ಕ್ಯಾಲ್ಕುಲಸ್ (ಕಲನಶಾಸ್ತ್ರ) ಕೈಗೆಟುಕುವುದಿಲ್ಲ, ಅದಿಲ್ಲದಿದ್ದರೆ ಒಳ್ಳೆಯ ಯೂನಿವರ್ಸಿಟಿ ಸಿಗುವುದಿಲ್ಲ ಎಂದು ನಿಮ್ಮ ಆಫೀಸಿನವರು ಹೆದರಿಸಿದ್ದಾರೆಂಬುದನ್ನೂ ಓದಿದೆ. ನಾನು ಇಲ್ಲಿಗೆ ಬಂದು 19 ವರ್ಷವಾಯಿತು. ಇಬ್ಬರು ಮಕ್ಕಳು ಇದೇ ದಾರಿಯಲ್ಲಿ ಹಾದುಹೋಗಿದ್ದಾರೆ. ಮೊದಲನೆಯವನ ವಿಷಯದಲ್ಲಿ ನಾನು ಎಡವಿದ್ದೇನೆ. ಆ ಅನುಭವವಿರುವುದರಿಂದ ತುಸು ವಿವರವಾಗಿಯೇ ಬರೆಯುತ್ತಿದ್ದೇನೆ.

ನಮ್ಮಲ್ಲಿ ಗಣಿತ ಒಂದೇ ವಿಷಯ. ಪ್ರತಿ ವರ್ಷವೂ ಬೀಜಗಣಿತ, ರೇಖಾಗಣಿತ, ಅಂಕಿಅಂಶ ಎಲ್ಲವೂ ಸ್ವಲ್ಪ ಸ್ವಲ್ಪ ಬರುತ್ತದೆ. ಇಲ್ಲಿನ ಹಳೆಯ ಕ್ರಮದಲ್ಲಿ ವರ್ಷಕ್ಕೊಂದು ಕೋರ್ಸು: ಆಲ್ಜಿಬ್ರಾ ಒಂದು, ಜಿಯಾಮೆಟ್ರಿ, ಆಲ್ಜಿಬ್ರಾ ಎರಡು, ಪ್ರೀಕ್ಯಾಲ್ಕುಲಸ್, ಕ್ಯಾಲ್ಕುಲಸ್. ಕೆಲವು ಡಿಸ್ಟ್ರಿಕ್ಟುಗಳಲ್ಲಿ (ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಮಂಡಳಿ) ಮೊದಲ ಮೂರನ್ನು ಕಲೆಸಿ ಮ್ಯಾತ್ ಒಂದು, ಎರಡು, ಮೂರು ಎಂದು ನಡೆಸುತ್ತಾರೆ. ಇದಕ್ಕೆ ಇಂಟಿಗ್ರೇಟೆಡ್ ಎಂಬ ಹೆಸರಿದ್ದು, ಏನೋ ಹೊಸ ಪ್ರಯೋಗವೆಂಬಂತೆ ಪೋಷಕರು ವಾದ ಮಾಡುವುದನ್ನು ಕೇಳಿದಾಗ ನನಗೆ ನಗು ಬರುತ್ತದೆ. ನಾವೆಲ್ಲ ಓದಿದ್ದು ಅದನ್ನೇ ಅಲ್ಲವೇ? ನಿಮ್ಮ ಶಾಲೆಯದು ಹಳೆಯ ಕ್ರಮವಾದ್ದರಿಂದ ಅದರ ಲೆಕ್ಕವನ್ನೇ ಹಾಕೋಣ. ಒಂಬತ್ತರಲ್ಲಿ ಆಲ್ಜಿಬ್ರಾ ಒಂದನ್ನು ಹಿಡಿದು ವರ್ಷಕ್ಕೊಂದರಂತೆ ಹೋದರೆ ಹೈಸ್ಕೂಲಿನ ಕೊನೆಯ ವರ್ಷವಾದ ಹನ್ನೆರಡನೇ ಗ್ರೇಡಿಗೆ ಪ್ರೀಕ್ಯಾಲ್ಕುಲಸ್ ಬರುತ್ತದೆ, ಕ್ಯಾಲ್ಕುಲಸ್ ಬರುವುದಿಲ್ಲ. ನಿಮ್ಮ ಆಫೀಸಿನವರ ಮಾತು ಇಷ್ಟರಮಟ್ಟಿಗೆ ನಿಜ. ಆದರೆ ಹತ್ತನೇ ಗ್ರೇಡಿನಲ್ಲಿ ಜಿಯಾಮೆಟ್ರಿ ಮತ್ತು ಆಲ್ಜಿಬ್ರಾ ಎರಡನ್ನು ಒಂದೇ ವರ್ಷ ಜೊತೆಯಾಗಿ ತೆಗೆದುಕೊಳ್ಳಲು ಎಷ್ಟೋ ಶಾಲೆಗಳು ಒಪ್ಪುತ್ತವೆ ಎಂಬುದನ್ನು ಅವರು ಹೇಳಿದಂತಿಲ್ಲ. ಆಲ್ಜಿಬ್ರಾ ಎರಡಕ್ಕೆ ಬೇಕಾದದ್ದರಲ್ಲಿ ಹೆಚ್ಚಿನದು ಆಲ್ಜಿಬ್ರಾ ಒಂದರಿಂದಲೇ ಬರುವುದರಿಂದ ಈ ಜೋಡಿ ಸಾಧ್ಯವಾಗುತ್ತದೆ. ನನ್ನ ಮಗಳು ಹಾಗೆಯೇ ಮಾಡಿ, ಹನ್ನೊಂದರಲ್ಲಿ ಪ್ರೀಕ್ಯಾಲ್ಕುಲಸ್, ಹನ್ನೆರಡರಲ್ಲಿ ಎಪಿ ಕ್ಯಾಲ್ಕುಲಸ್ ಎಬಿ ಮುಗಿಸಿದಳು (ಎಪಿ ಎಂದರೆ ಹೈಸ್ಕೂಲಿನಲ್ಲೇ ಕಲಿಸುವ ಕಾಲೇಜು ಮಟ್ಟದ ಕೋರ್ಸು). ಆ ಒಂದು ವರ್ಷ ಅವಳ ಬೇರೊಂದು ಇಷ್ಟದ ತರಗತಿಗೆ ಜಾಗ ಸಿಗಲಿಲ್ಲ, ನಷ್ಟವೆಂದರೆ ಅಷ್ಟೇ.

ಆದ್ದರಿಂದ ನೀವು ಕೇಳಬೇಕಾದ ಪ್ರಶ್ನೆ ಕ್ಯಾಲ್ಕುಲಸ್ ತಲುಪುತ್ತಾಳೋ ಇಲ್ಲವೋ ಎಂಬುದಲ್ಲ. ಆಲ್ಜಿಬ್ರಾ ಒಂದರಲ್ಲಿ ಇರುವುದು ಅವಳಿಗೆ ಈಗಾಗಲೇ ಬರುತ್ತದೆಯೇ ಎಂಬುದು. ನಮ್ಮವರು ಇಲ್ಲಿಯೇ ತಪ್ಪುತ್ತಾರೆ. ಮಕ್ಕಳ ಲೆಕ್ಕ ಮಾಡುವ ವೇಗ ನೋಡಿ "ಇದೆಲ್ಲ ಇವಳಿಗೆ ನೀರು ಕುಡಿದ ಹಾಗೆ" ಎಂದುಬಿಡುತ್ತಾರೆ. ಅಪವರ್ತನ, ನಿತ್ಯಸಮೀಕರಣಗಳು, ಒಂದು ಚರಾಕ್ಷರದ ಸಮೀಕರಣಗಳು, ಇವುಗಳಲ್ಲಿ ನಮ್ಮ ಎಂಟನೇ ತರಗತಿಯ ಮಗು ಇಲ್ಲಿನ ಮಕ್ಕಳಿಗಿಂತ ಮುಂದಿದ್ದರೂ ಇರಬಹುದು. ಆದರೆ ಆಲ್ಜಿಬ್ರಾ ಒಂದರ ಬೆನ್ನೆಲುಬು ಅದಲ್ಲ. ಸ್ಲೋಪ್ (ಗೆರೆಯ ಇಳಿಜಾರು), ಫಂಕ್ಷನ್ (ಒಂದು ಬೆಲೆ ಕೊಟ್ಟರೆ ಇನ್ನೊಂದನ್ನು ಹೇಳುವ ನಿಯಮ), ಗ್ರಾಫ್ ಎಂಬ ಈ ಮೂರರ ಸುತ್ತಲೇ ಇಡೀ ವರ್ಷ ತಿರುಗುತ್ತದೆ. ನಾನು ಸ್ಲೋಪ್ ಎಂಬ ಪದವನ್ನು ಮೊದಲು ಕಂಡದ್ದು ಪಿಯುಸಿಯಲ್ಲಿ. ಇಲ್ಲಿ ಎಂಟನೇ ಗ್ರೇಡಿನಲ್ಲಿಯೇ ಪರಿಚಯವಾಗಿ, ಒಂಬತ್ತರ ಹೊತ್ತಿಗೆ ಮಕ್ಕಳ ಬಾಯಿಯಲ್ಲಿ ದಿನವೂ ಓಡಾಡುವ ಮಾತಾಗಿರುತ್ತದೆ. ಸರಳರೇಖೆಯ ಸಮೀಕರಣವನ್ನು ನಾವು ಎಂಎಕ್ಸ್ ಪ್ಲಸ್ ಸಿ ಎಂದು ಕಲಿತದ್ದು ಇವರಿಗೆ ಎಂಎಕ್ಸ್ ಪ್ಲಸ್ ಬಿ, ಲೆಕ್ಕದಲ್ಲಿ ಯಾವುದನ್ನು ಮೊದಲು ಮಾಡಬೇಕೆನ್ನುವ ನಮ್ಮ ಬಾಡ್ಮಾಸ್ ಇವರಿಗೆ ಪೆಮ್ಡಾಸ್. ಅಂಥ ಹೆಸರಿನ ಗೊಂದಲ ಒಂದು ವಾರದಲ್ಲಿ ಕಳೆಯುತ್ತದೆ, ಅದಕ್ಕೆ ಚಿಂತಿಸಬೇಡಿ.

ಹೊರಡುವ ಮೊದಲು ಅವಳಿಗೆ ಒಂದು ಲೆಕ್ಕ ಕೊಟ್ಟು ನೋಡಿ. ಒಂದು ತೊಟ್ಟಿಯಿಂದ ನೀರು ಒಂದೇ ವೇಗದಲ್ಲಿ ಸೋರುತ್ತಿದೆ. 3 ನಿಮಿಷ ಕಳೆದಾಗ 41 ಲೀಟರ್, 7 ನಿಮಿಷ ಕಳೆದಾಗ 29 ಲೀಟರ್ ಉಳಿದಿದೆ. ಮೊದಲಿಗೆ ಎಷ್ಟಿತ್ತು, ಯಾವಾಗ ಖಾಲಿಯಾಗುತ್ತದೆ ಎಂದು ಕೇಳಿದರೆ ಅವಳು 4 ನಿಮಿಷಕ್ಕೆ 12 ಲೀಟರ್, ಅಂದರೆ ನಿಮಿಷಕ್ಕೆ 3 ಲೀಟರ್ ಎಂದು ಹಿಡಿದು, 50 ಲೀಟರ್ ಎಂದೂ 16 ನಿಮಿಷ 40 ಸೆಕೆಂಡ್ ಎಂದೂ ಬಾಯಿಲೆಕ್ಕದಲ್ಲೇ ಹೇಳಬಹುದು. ಅಲ್ಲಿಗೆ ನಿಲ್ಲಬೇಡಿ. ಸಮಯ ಕೊಟ್ಟರೆ ನೀರಿನ ಪ್ರಮಾಣ ಹೇಳುವ ಸಮೀಕರಣ ಬರೆ, ಅದರ ಗೆರೆ ಎಳೆ, ಗೆರೆ ಏಕೆ ಕೆಳಮುಖವಾಗಿದೆ, ಅದು ಎರಡೂ ಅಕ್ಷಗಳನ್ನು ಮುಟ್ಟುವ ಜಾಗಕ್ಕೆ ಅರ್ಥವೇನು, 20ನೇ ನಿಮಿಷಕ್ಕೆ ಈ ಸಮೀಕರಣವನ್ನು ಬಳಸಿದರೆ ಏನು ತಪ್ಪಾಗುತ್ತದೆ ಎಂದು ಕೇಳಿ. ಈ ಎರಡನೇ ಭಾಗವೇ ಆಲ್ಜಿಬ್ರಾ ಒಂದು. ಇದಕ್ಕೆ ಅವಳು ತಡವರಿಸದೆ ಉತ್ತರಿಸಿ, ಎರಡು ಚರಾಕ್ಷರಗಳ ಜೋಡಿ ಸಮೀಕರಣವನ್ನೂ ವರ್ಗಸಮೀಕರಣವನ್ನೂ ಬಿಡಿಸಬಲ್ಲಳಾದರೆ ಜಿಯಾಮೆಟ್ರಿ ಕೇಳಿ ಪಡೆಯಿರಿ. ತಡವರಿಸಿದರೆ ಆಲ್ಜಿಬ್ರಾ ಒಂದು ಅವಳಿಗೆ ಹಿನ್ನಡೆಯಲ್ಲ, ಹೊಸ ಪಾಠವೇ.

ಇನ್ನು ನನ್ನ ಎಡವಟ್ಟು. ದೊಡ್ಡವನಿಗೆ ಆಲ್ಜಿಬ್ರಾ ನಿಜವಾಗಿಯೂ ಚೆನ್ನಾಗಿ ಬರುತ್ತಿತ್ತು. ಅಷ್ಟಕ್ಕೆ ಸುಮ್ಮನಿರದೆ ನಾನು ಒಂದು ಬೇಸಿಗೆ ರಜೆಯ ಆರು ವಾರಗಳಲ್ಲಿ ಜಿಯಾಮೆಟ್ರಿಯನ್ನು ಆನ್‌ಲೈನಿನಲ್ಲಿ ಮುಗಿಸಿಸಿ, ಅವನನ್ನು ಒಂಬತ್ತರಲ್ಲೇ ಆಲ್ಜಿಬ್ರಾ ಎರಡಕ್ಕೆ ದಾಟಿಸಿದೆ. ಆ ವರ್ಷ ಏನೂ ತೊಂದರೆ ಕಾಣಲಿಲ್ಲ, ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ. ಮರುವರ್ಷ ಪ್ರೀಕ್ಯಾಲ್ಕುಲಸ್‌ನಲ್ಲಿ ತ್ರಿಕೋನಮಿತಿ ಬಂತು. 30, 60, 90 ಡಿಗ್ರಿಯ ತ್ರಿಭುಜದ ಬದಿಗಳ ಸಂಬಂಧ, ವೃತ್ತದ ಕಂಸ, ಸಮರೂಪತೆ ಎಲ್ಲವನ್ನೂ ಅವನು ಪರೀಕ್ಷೆಗೆ ಎರಡು ದಿನ ಮೊದಲು ಉರುಹೊಡೆದು ಬಿಟ್ಟಿದ್ದ. ಅವುಗಳ ಮೇಲೆ ನಿಲ್ಲಬೇಕಾದ ಯೂನಿಟ್ ಸರ್ಕಲ್ (ತ್ರಿಕೋನಮಿತಿ ಕಲಿಸಲು ಬಳಸುವ, ತ್ರಿಜ್ಯ ಒಂದಿರುವ ವೃತ್ತ) ಅವನ ತಲೆಯಲ್ಲಿ ನಿಲ್ಲಲೇ ಇಲ್ಲ. ಮೊದಲ ಸೆಮಿಸ್ಟರಿಗೆ ಸಿ ಗ್ರೇಡು ಬಂತು, ಎ ಮತ್ತು ಬಿ ಅದರ ಮೇಲಿನವು. ಸಿ ಎಂದರೆ ಫೇಲಲ್ಲ, ಆದರೆ ಅದು ಹತ್ತನೇ ಗ್ರೇಡಿನ ಸಿ, ಮತ್ತು ಹತ್ತನೇ ಗ್ರೇಡು ಇಲ್ಲಿ ಲೆಕ್ಕಕ್ಕೆ ಬರುತ್ತದೆ.

ಯಾವ ಲೆಕ್ಕಕ್ಕೆ ಎಂದರೆ, ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ತನ್ನ ಪ್ರವೇಶಕ್ಕಾಗಿ ಜಿಪಿಎ (ಗ್ರೇಡುಗಳ ಸರಾಸರಿ) ಕಟ್ಟುವಾಗ ಒಂಬತ್ತರ ನಂತರದ ಬೇಸಿಗೆಯಿಂದ ಹನ್ನೊಂದರ ನಂತರದ ಬೇಸಿಗೆಯವರೆಗಿನ ಗ್ರೇಡುಗಳನ್ನು ತೆಗೆದುಕೊಳ್ಳುತ್ತದೆ. ಒಂಬತ್ತನೇ ಗ್ರೇಡಿನ ಕೋರ್ಸುಗಳಲ್ಲಿ ಸಿ ಅಥವಾ ಮೇಲೆ ಬಂದಿರಬೇಕು, ಅವು ಅರ್ಜಿಯಲ್ಲಿ ಕಾಣುತ್ತವೆ, ಆದರೆ ಆ ಸರಾಸರಿಯೊಳಗೆ ಸೇರುವುದಿಲ್ಲ. ದೇಶ, ಭಾಷೆಯ ಉಚ್ಚಾರಣೆ, ಗೆಳೆಯರು ಎಲ್ಲವೂ ಒಟ್ಟಿಗೆ ಬದಲಾಗುವ ವರ್ಷದಲ್ಲಿ ನಿಮ್ಮ ಮಗಳಿಗೆ ಈ ನಿಯಮ ಒಂದಿಷ್ಟು ಉಸಿರಾಡಲು ಜಾಗ ಕೊಡುತ್ತದೆ. ಖಾಸಗಿ ಮತ್ತು ಬೇರೆ ರಾಜ್ಯದ ಕಾಲೇಜುಗಳು ಒಂಬತ್ತನ್ನೂ ನೋಡುತ್ತವೆ ಎಂಬುದು ನೆನಪಿರಲಿ. ಅದೇ ಯೂನಿವರ್ಸಿಟಿ ಕಡ್ಡಾಯವಾಗಿ ಕೇಳುವುದು ಮೂರು ವರ್ಷದ ಗಣಿತ, ಶಿಫಾರಸು ಮಾಡುವುದು ನಾಲ್ಕು ವರ್ಷ; ಅದರಲ್ಲಿ ಜಿಯಾಮೆಟ್ರಿ ಇರಲೇಬೇಕು. ಕ್ಯಾಲ್ಕುಲಸ್ ಕಡ್ಡಾಯವೆಂದು ಆ ನಿಯಮದಲ್ಲಿಲ್ಲ. ಹಾಗೆಂದು ಎಂಜಿನಿಯರಿಂಗ್ ಅಥವಾ ಕಂಪ್ಯೂಟರ್ ಸೈನ್ಸಿಗೆ ಹೋಗುವ ಮನಸ್ಸಿರುವವಳಿಗೆ ಅದು ಬೇಡವೆಂದು ನಾನು ಹೇಳಲಾರೆ. ಅಲ್ಲಿ ಪಕ್ಕದಲ್ಲಿ ನಿಲ್ಲುವ ಅರ್ಜಿದಾರರು ಬಹುಪಾಲು ಅದನ್ನು ಮಾಡಿದವರೇ ಆಗಿರುತ್ತಾರೆ. ಬೇರೆ ಆಸಕ್ತಿ ಇದ್ದರೆ ಆಲ್ಜಿಬ್ರಾ ಎರಡಾದ ಮೇಲೆ ಎಪಿ ಸ್ಟ್ಯಾಟಿಸ್ಟಿಕ್ಸ್ ಒಳ್ಳೆಯ ಆಯ್ಕೆ. ಆದರೆ ಆಲ್ಜಿಬ್ರಾ ಎರಡನ್ನು ಬಿಟ್ಟು ಡೇಟಾ ಸೈನ್ಸ್ ಎಂಬ ಹೆಸರಿನ ಹೈಸ್ಕೂಲ್ ಕೋರ್ಸು ತೆಗೆದುಕೊಳ್ಳುವ ಸಲಹೆ ಯಾರಾದರೂ ಕೊಟ್ಟರೆ ಒಪ್ಪಬೇಡಿ. ಅಂಥ ಕೋರ್ಸುಗಳು ಆಲ್ಜಿಬ್ರಾ ಎರಡಕ್ಕೆ ಬದಲಿಯಾಗುವುದಿಲ್ಲವೆಂದು ಆ ಯೂನಿವರ್ಸಿಟಿಯ ಅಧ್ಯಾಪಕ ಸಮಿತಿ 2023ರಲ್ಲಿಯೇ ನಿಲುವು ತೆಗೆದುಕೊಂಡಿದೆ.

ಬರುವಾಗ ಆರು, ಏಳು, ಎಂಟನೇ ತರಗತಿಗಳ ಅಂಕಪಟ್ಟಿಯ ಜೊತೆಗೆ ಗಣಿತ ಪುಸ್ತಕದ ಪರಿವಿಡಿಯ ಪ್ರತಿಯನ್ನೂ ತನ್ನಿ. ಅಂಕಪಟ್ಟಿಯಲ್ಲಿ ಮ್ಯಾಥಮೆಟಿಕ್ಸ್ ಎಂಬ ಒಂದೇ ಪದವಿರುವುದರಿಂದ ಅದನ್ನು ನೋಡಿದ ಕೌನ್ಸೆಲರಿಗೆ (ಮಕ್ಕಳಿಗೆ ಕೋರ್ಸು ಆರಿಸಿಕೊಡುವ ಶಾಲೆಯ ಸಲಹೆಗಾರರು) ಮಗು ಏನು ಓದಿದೆಯೆಂದು ತಿಳಿಯುವುದಿಲ್ಲ. ಪ್ಲೇಸ್‌ಮೆಂಟ್ ಟೆಸ್ಟ್ ಇದೆಯೇ, ಹತ್ತನೇ ಗ್ರೇಡಿನಲ್ಲಿ ಎರಡು ಗಣಿತ ಕೋರ್ಸುಗಳನ್ನು ಜೊತೆಯಾಗಿ ಮಾಡಲು ಬಿಡುತ್ತಾರೆಯೇ, ಪ್ರೀಕ್ಯಾಲ್ಕುಲಸ್ ಆದ ಮೇಲೆ ಎಬಿಯನ್ನು ಬಿಟ್ಟು ನೇರವಾಗಿ ಅದಕ್ಕಿಂತ ಹೆಚ್ಚು ಪಾಠವಿರುವ ಎಪಿ ಕ್ಯಾಲ್ಕುಲಸ್ ಬಿ.ಸಿ.ಗೆ ಹೋಗಬಹುದೇ, ಇವನ್ನು ಇಮೇಲಿನಲ್ಲಿ ಕೇಳಿ ಉತ್ತರವನ್ನು ಉಳಿಸಿಕೊಳ್ಳಿ. ಕೌನ್ಸೆಲರ್ ಒಬ್ಬರ ತಲೆಯ ಮೇಲೆ ನೂರಾರು ಮಕ್ಕಳಿರುತ್ತಾರೆ. ಫೋನಿನಲ್ಲಿ ಆಡಿದ ಮಾತು ಆಗಸ್ಟಿನ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ.

ಕೊನೆಗೆ ನಿಮಗೆ ಕಾನೂನಿನ ಬೆಂಬಲವೂ ಇದೆ. 2015ರ ಕ್ಯಾಲಿಫೋರ್ನಿಯಾ ಮ್ಯಾಥಮೆಟಿಕ್ಸ್ ಪ್ಲೇಸ್‌ಮೆಂಟ್ ಕಾಯಿದೆಯ ಪ್ರಕಾರ ಒಂಬತ್ತನೇ ಗ್ರೇಡಿನ ಗಣಿತ ಕೋರ್ಸನ್ನು ನಿರ್ಧರಿಸಲು ಡಿಸ್ಟ್ರಿಕ್ಟಿನಲ್ಲಿ ಪಾರದರ್ಶಕವಾದ ಲಿಖಿತ ನೀತಿ ಇರಬೇಕು, ಶಾಲೆ ಆರಂಭವಾದ ಮೊದಲ ತಿಂಗಳೊಳಗೆ ಮಗು ಸರಿಯಾದ ತರಗತಿಯಲ್ಲಿದೆಯೇ ಎಂದು ಒಮ್ಮೆಯಾದರೂ ಪರಿಶೀಲಿಸಬೇಕು, ಪೋಷಕರು ಆಕ್ಷೇಪಿಸಿದರೆ ಕೇಳಲು ವ್ಯವಸ್ಥೆಯಿರಬೇಕು. ಆದ್ದರಿಂದ ಯಾವ ಕೋರ್ಸು ಸಿಕ್ಕರೂ ಮೊದಲ ಮೂರು ವಾರ ಅವಳ ನೋಟ್‌ಬುಕ್ಕನ್ನು ದಿನವೂ ತೆರೆದು ನೋಡಿ. ಹೋಂವರ್ಕ್ ಹದಿನೈದು ನಿಮಿಷದಲ್ಲಿ ಮುಗಿದು ಕಾರಣಗಳನ್ನೂ ಸರಿಯಾಗಿ ಬರೆಯುತ್ತಿದ್ದರೆ ಮೇಲಿನ ಕೋರ್ಸು ಕೇಳಿ. ಉತ್ತರ ಸರಿಯಿದ್ದೂ ವಿವರಣೆಗೆ ಅಂಕ ಕಳೆದುಕೊಳ್ಳುತ್ತಿದ್ದರೆ ಇದ್ದಲ್ಲೇ ಇರಲಿ. ಏನೇ ಇದ್ದರೂ ಕೌನ್ಸೆಲರಿಗೆ ನಾಲ್ಕನೇ ವಾರ ಮುಗಿಯುವ ಮೊದಲೇ ಬರೆಯಿರಿ, ಏಕೆಂದರೆ ಆಮೇಲೆ ತರಗತಿಗಳು ತುಂಬಿ ಬದಲಾವಣೆಗೆ ಜಾಗವೇ ಉಳಿಯುವುದಿಲ್ಲ.